ಹುಣ್ಣಿಮೆಗೆ ಕಾಯಬೇಡಿ: ಹಿತ್ತಲಲ್ಲಿ ನಿಂತು ಚಂದ್ರನನ್ನು ನೋಡುವ ಬಗೆ

ಮನೆಗೆ ಹೊಸ ಟೆಲಿಸ್ಕೋಪ್ ಬಂದರೆ ಬಹುತೇಕರು ಮೊದಲು ಮಾಡುವುದು ಹುಣ್ಣಿಮೆಗೆ ಕಾಯುವ ಕೆಲಸ. ಹುಣ್ಣಿಮೆ ಬರುತ್ತದೆ, ಟೆಲಿಸ್ಕೋಪ್ ಹಿತ್ತಲಿಗೆ ಬರುತ್ತದೆ, ಓಣಿಯ ಮಕ್ಕಳೆಲ್ಲ ಸಾಲುಗಟ್ಟುತ್ತಾರೆ. ಕಣ್ಣಿಟ್ಟವರಿಗೆ ಕಾಣುವುದು ಕಣ್ಣು ಕುಕ್ಕುವ ಬಿಳುಪು, ಅಲ್ಲಲ್ಲಿ ಬೂದು ಕಲೆ. ಪಠ್ಯಪುಸ್ತಕದಲ್ಲಿ ನೋಡಿದ ಕುಳಿಗಳೂ ಇಲ್ಲ, ಬೆಟ್ಟಗಳೂ ಇಲ್ಲ. ಹತ್ತು ನಿಮಿಷಕ್ಕೆ ಸಾಲು ಕರಗುತ್ತದೆ, ಟೆಲಿಸ್ಕೋಪ್ ಅಟ್ಟ ಸೇರುತ್ತದೆ.

ಇಷ್ಟಕ್ಕೂ ಕಾರಣ ತಿಥಿಯ ಆಯ್ಕೆ. ಹುಣ್ಣಿಮೆಯಂದು ಸೂರ್ಯ ನೋಡುವವರ ಬೆನ್ನ ಹಿಂದಿನ ದಿಕ್ಕಿನಲ್ಲಿದ್ದು ಚಂದ್ರನ ಮುಖಕ್ಕೆ ನೇರವಾಗಿ ಬೆಳಕು ಸುರಿಯುತ್ತಾನೆ. ನೆರಳು ಬೀಳುವುದಿಲ್ಲ, ನೆರಳಿಲ್ಲದಿದ್ದರೆ ಎತ್ತರ-ತಗ್ಗು ತಿಳಿಯುವುದಿಲ್ಲ. ಬೇರೆ ದಿನಗಳಲ್ಲಿ ಚಂದ್ರನ ಮೇಲೆ ಬೆಳಗಿದ ಭಾಗಕ್ಕೂ ಕತ್ತಲ ಭಾಗಕ್ಕೂ ನಡುವೆ ಒಂದು ಗಡಿ ಇರುತ್ತದೆ. ಹುಣ್ಣಿಮೆಗೆ ಮುಂಚಿನ ದಿನಗಳಲ್ಲಾದರೆ ಆ ಗಡಿಯಲ್ಲಿ ಅಲ್ಲಿನ ಸೂರ್ಯ ಆಗಷ್ಟೇ ಹುಟ್ಟುತ್ತಿರುತ್ತಾನೆ. ಸೂರ್ಯ ದಿಗಂತದಿಂದ 5 ಡಿಗ್ರಿ ಮೇಲಿದ್ದಾಗ ಒಂದು ಕಿಲೋಮೀಟರ್ ಎತ್ತರದ ಬೆಟ್ಟ ಹನ್ನೊಂದು ಕಿಲೋಮೀಟರಿಗೂ ಉದ್ದದ ನೆರಳು ಚಾಚುತ್ತದೆ. ಸಣ್ಣ ಟೆಲಿಸ್ಕೋಪಿಗೆ ಕಾಣುವುದು ಈ ನೆರಳೇ. ಚಂದ್ರನನ್ನು ನೋಡುವುದೆಂದರೆ ಮುಖ್ಯವಾಗಿ ಈ ಗಡಿಯನ್ನು ನೋಡುವುದು.

ಗಡಿ ದಿನಕ್ಕೊಂದು ಕಡೆ ಇರುತ್ತದೆ. ಯಾವ ದಿನ ಎಲ್ಲಿ ಎಂದು ಹೇಳುವ ಪುಸ್ತಕಗಳಿವೆ, ಮೊಬೈಲ್ ಆ್ಯಪ್‌ಗಳಿವೆ. ಆದರೆ ಚಿಂಚೋಳಿ ತಾಲೂಕಿನ ಸುಲೇಪೇಟದಲ್ಲಾಗಲಿ ಸೇಡಂ, ಚಿತ್ತಾಪುರಗಳಲ್ಲಾಗಲಿ ಆ ಲೆಕ್ಕ ಆಗಲೇ ಮನೆಯ ಗೋಡೆಯ ಮೇಲೆ ನೇತಾಡುತ್ತಿದೆ.

ಕ್ಯಾಲೆಂಡರಿನಲ್ಲಿರುವ ನಕ್ಷೆ

ಆಕಾಶದಲ್ಲಿ ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸರಿದರೆ ಪಂಚಾಂಗದಲ್ಲಿ ಒಂದು ತಿಥಿ ಕಳೆಯಿತು ಎಂದರ್ಥ. ಸುತ್ತಿನ 360 ಡಿಗ್ರಿಗೆ 30 ತಿಥಿ. ಚಂದ್ರ ಹೀಗೆ 12 ಡಿಗ್ರಿ ಸರಿಯುವ ಹೊತ್ತಿಗೆ ಅವನ ಮೇಲಿನ ಸೂರ್ಯೋದಯದ ಗಡಿಯೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಸರಿದಿರುತ್ತದೆ. ಚಂದ್ರನ ಸಮಭಾಜಕದ ಮೇಲೆ ಅದು ಸುಮಾರು 360 ಕಿಲೋಮೀಟರ್. ಹಾಗಾಗಿ ಚಂದ್ರನ ಮೇಲಿನ ಪ್ರತಿಯೊಂದು ಕುಳಿಗೂ ಒಂದು ತಿಥಿ ಇದೆ. ತಿಂಗಳು ಯಾವುದಾದರೂ ಆ ತಿಥಿಗೆ ಅಲ್ಲಿ ಬೆಳಗಾಗುತ್ತದೆ. ಪಂಚಾಂಗ ಬರೆದವರು ಚಂದ್ರನ ಕುಳಿಗಳನ್ನು ನೋಡಿರಲಿಲ್ಲ. ಆದರೂ ಅವರು ಹಿಡಿದ ಕೋನವೇ ಇಂದಿನ ಟೆಲಿಸ್ಕೋಪಿಗೂ ಬೇಕಾದ ಕೋನವಾಗಿರುವುದು ಎಷ್ಟು ಸೊಗಸಾದ ಸಂಗತಿ!

ಒಂದು ಎಚ್ಚರಿಕೆ ಮಾತ್ರ ಬೇಕು. ಕ್ಯಾಲೆಂಡರಿನ ಆಯಾ ದಿನದ ಮನೆಯಲ್ಲಿ ಅಚ್ಚಾಗಿರುವುದು ಅಂದಿನ ಸೂರ್ಯೋದಯದ ಹೊತ್ತಿನ ತಿಥಿ. ಪಕ್ಕದಲ್ಲಿ ಅದು ಮುಗಿಯುವ ಹೊತ್ತೂ ಇರುತ್ತದೆ. ಸಪ್ತಮಿ ಮಧ್ಯಾಹ್ನ ಎರಡಕ್ಕೆ ಮುಗಿದರೆ ಸಂಜೆ ಟೆಲಿಸ್ಕೋಪ್ ಇಡುವಾಗ ಇರುವುದು ಅಷ್ಟಮಿ. ಸಂಜೆಯ ತಿಥಿಯನ್ನೇ ಹಿಡಿಯಬೇಕು. ಭೂಮಿಯಿಂದ ನೋಡುವಾಗ ಚಂದ್ರ ತುಸು ಅತ್ತಿತ್ತ ವಾಲಿದಂತೆ ಕಾಣುವುದರಿಂದ ಗಡಿಯ ಜಾಗದಲ್ಲಿ ಅಲ್ಪಸ್ವಲ್ಪ ಹೆಚ್ಚುಕಡಿಮೆ ಆಗಬಹುದು.

ಉರ್ದು ಕ್ಯಾಲೆಂಡರ್ ಇರುವ ಮನೆಗಳಲ್ಲೂ ಇದೇ ಲೆಕ್ಕ ನಡೆಯುತ್ತದೆ. ಹಿಜರಿ ತಿಂಗಳು ಶುರುವಾಗುವುದು ಚಂದ್ರನ ಮೊದಲ ಗೆರೆ ಕಂಡ ಸಂಜೆ. ಸಾಮಾನ್ಯವಾಗಿ ಅದು ಪಂಚಾಂಗದ ಬಿದಿಗೆಯ ಆಸುಪಾಸು. ಕಲಬುರಗಿಯ ಖಾಜಾ ಬಂದೇನವಾಜರ ಉರುಸು ಜಿಲ್ಕಾದ ತಿಂಗಳ 15ರ ಸುಮಾರಿಗೆ ನಡೆಯುತ್ತದೆ. ಉರುಸಿಗೆ ಹೋದವರ ನೆತ್ತಿಯ ಮೇಲೆ ಹುಣ್ಣಿಮೆಯ ಹತ್ತಿರದ ಚಂದ್ರ ಇರುವುದು ಅದಕ್ಕೇ. ಹಿಜರಿ ತಾರೀಖಿಗೆ ಒಂದು ಕೂಡಿಸಿದರೆ ಸ್ಥೂಲವಾಗಿ ತಿಥಿ ಸಿಗುತ್ತದೆ.

ಊರಿನ ಅನುಕೂಲ, ಊರಿನ ಕಲ್ಲು

ಸುಲೇಪೇಟ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಂದ್ರನನ್ನು ನೋಡುವವರಿಗೆ ಇದು ದೊಡ್ಡ ಭಾಗ್ಯ. ಚಂದ್ರನ ದಾರಿ ಎಷ್ಟೇ ತೆಂಕಣಕ್ಕೆ ಇಳಿದರೂ ಅವನು ನಡುದಾರಿಗೆ ಬಂದಾಗ ಇಲ್ಲಿನ ದಿಗಂತದಿಂದ 44 ಡಿಗ್ರಿಗಿಂತ ಕೆಳಗಿರುವುದಿಲ್ಲ. ಲಂಡನ್ನಿನಲ್ಲಿ ಅದೇ ಚಂದ್ರ ಕೆಲವು ವರ್ಷ 10 ಡಿಗ್ರಿಯಷ್ಟು ಕೆಳಗೆ ತೆವಳುತ್ತಾನೆ. ಕೆಳಗಿದ್ದಷ್ಟೂ ಬೆಳಕು ದಪ್ಪ ಗಾಳಿಯನ್ನು ಹಾದು ಬರಬೇಕು, ಬಿಂಬ ಕುದಿಯುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲಂತೂ ಸಂಜೆಯ ಅರ್ಧಚಂದ್ರ ಇಲ್ಲಿ ನೆತ್ತಿಯ ಹತ್ತಿರವೇ ಇರುತ್ತಾನೆ.

ಶುರು ಮಾಡಲು ಒಳ್ಳೆಯ ಕಾಲ ಎಳ್ಳಮಾಸಿಯ ಮರುವಾರ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಂಡು ಬಂದ ಮೇಲೆ ಎರಡು ದಿನ ಬಿಟ್ಟರೆ ಬಿದಿಗೆ. ಮೋಡದ ಕಾಟವಿಲ್ಲ, ಕತ್ತಲು ಬೇಗ ಆಗುತ್ತದೆ. ಅಲ್ಲಿಂದ ಬನದ ಹುಣ್ಣಿಮೆಯವರೆಗೆ ಎರಡು ವಾರ ಒಂದೊಂದು ಸಂಜೆ ಅರ್ಧ ಗಂಟೆ ಕೊಟ್ಟರೆ ಚಂದ್ರನ ಕಾಣುವ ಮುಖವನ್ನೆಲ್ಲ ಒಂದು ಸುತ್ತು ಹಾಕಿದಂತಾಗುತ್ತದೆ.

ಟೆಲಿಸ್ಕೋಪನ್ನು ಎಲ್ಲಿ ಇಡಬೇಕು ಎಂಬುದು ಈ ಭಾಗದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಎಲ್ಲರೂ ಮಾಳಿಗೆ ಹತ್ತುತ್ತಾರೆ. ಶಹಾಬಾದ, ವಾಡಿ, ಸೇಡಂ ಕಡೆ ಮಾಳಿಗೆಗೂ ಅಂಗಳಕ್ಕೂ ಹಾಸಿರುವುದು ಫರಸಿ ಕಲ್ಲು. ಹಗಲೆಲ್ಲ ಬಿಸಿಲು ಕುಡಿದ ಈ ಕಲ್ಲು ರಾತ್ರಿ ಒಂಬತ್ತು ಗಂಟೆಯವರೆಗೂ ಝಳ ಬಿಡುತ್ತಿರುತ್ತದೆ. ಅಂಗೈ ಇಟ್ಟರೆ ತಿಳಿಯುತ್ತದೆ. ಆ ಝಳ ಮೇಲೇರುವಾಗ ಟೆಲಿಸ್ಕೋಪಿನ ಮುಂದಿನ ಗಾಳಿ ಅಲುಗಾಡುತ್ತದೆ, ಕುಳಿಗಳ ಅಂಚು ನೀರಿನಡಿಯ ಕಲ್ಲಿನಂತೆ ತೇಲಾಡುತ್ತದೆ. ಬೇಸಿಗೆಯಲ್ಲಿ ಈ ತೊಂದರೆ ಇಮ್ಮಡಿ. ಮಣ್ಣಿನ ಹಿತ್ತಲು, ತೊಗರಿ ಕೊಯ್ದ ಹೊಲದ ಬದು, ಹುಲ್ಲಿರುವ ಶಾಲೆಯ ಮೈದಾನ, ಇವು ಮಾಳಿಗೆಗಿಂತ ಎಷ್ಟೋ ವಾಸಿ. ಮಾಳಿಗೆ ಬಿಟ್ಟು ಬೇರೆ ಜಾಗವೇ ಇಲ್ಲದವರು ಸಂಜೆ ಎರಡು ಕೊಡ ನೀರು ಚೆಲ್ಲಿ, ಕಲ್ಲು ತಣಿಯಲು ಬಿಡಬೇಕು. ಪಕ್ಕದ ಮನೆಯ ತಗಡಿನ ಮೇಲಿಂದ ಹಾದುಹೋಗುವ ನೋಟವೂ ಬೇಡ. ಟೆಲಿಸ್ಕೋಪನ್ನೂ ಅರ್ಧ ಗಂಟೆ ಮುಂಚೆ ಹೊರಗಿಟ್ಟು ಹೊರಗಿನ ತಂಪಿಗೆ ಹೊಂದಿಸಬೇಕು.

ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳ ದೀಪದಿಂದ ಚಂದ್ರನಿಗೆ ಏನೂ ಆಗುವುದಿಲ್ಲ. ಮಸುಕು ನಕ್ಷತ್ರಗಳನ್ನು ನೋಡಬೇಕೆನ್ನುವವರು ಚಿಂಚೋಳಿಯ ಕಾಡಿನ ಕಡೆ ಹೋಗಬೇಕು. ಚಂದ್ರನಿಗೆ ಬೀದಿದೀಪದ ಕೆಳಗಿನ ಅಂಗಳವೂ ಸಾಕು. ದೂಳು ಮಾತ್ರ ಬಿಂಬವನ್ನು ಮಂಕು ಮಾಡುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಯಾವ ಟೆಲಿಸ್ಕೋಪ್

ಡಬ್ಬಿಯ ಮೇಲೆ 400 ಪಟ್ಟು, 500 ಪಟ್ಟು ಎಂದು ದೊಡ್ಡದಾಗಿ ಬರೆದಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು. ಟೆಲಿಸ್ಕೋಪಿನ ಶಕ್ತಿ ಇರುವುದು ಮುಂದಿನ ಮಸೂರದ ಅಥವಾ ಕನ್ನಡಿಯ ಅಗಲದಲ್ಲಿ. ಆ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟು ಹಿಗ್ಗಿಸಬಹುದು. ಅದರಾಚೆ ಬಿಂಬ ದೊಡ್ಡದಾಗುತ್ತದೆ, ವಿವರ ಹೆಚ್ಚುವುದಿಲ್ಲ. 70 ಮಿ.ಮೀ. ಮಸೂರಕ್ಕೆ 140 ಪಟ್ಟು ಮೇಲ್ಮಿತಿ. ಚಂದ್ರನಿಗೆ ಅಷ್ಟೂ ಬೇಡ. ಟ್ಯೂಬಿನ ನಾಭಿದೂರವನ್ನು ಐಪೀಸಿನ, ಅಂದರೆ ಕಣ್ಣಿಡುವ ಮಸೂರದ, ನಾಭಿದೂರದಿಂದ ಭಾಗಿಸಿದರೆ ಪಟ್ಟು ತಿಳಿಯುತ್ತದೆ: 700 ಮಿ.ಮೀ. ಟ್ಯೂಬಿಗೆ 25ರ ಐಪೀಸ್ ಹಾಕಿದರೆ 28 ಪಟ್ಟು, 10ರದು ಹಾಕಿದರೆ 70 ಪಟ್ಟು. ಮೊದಲನೆಯದರಲ್ಲಿ ಇಡೀ ಚಂದ್ರ, ಎರಡನೆಯದರಲ್ಲಿ ಒಂದೊಂದೇ ಕುಳಿ. ಈ ಎರಡರಲ್ಲೇ ಒಂದು ವರ್ಷ ಕಳೆಯಬಹುದು.

ಗೆಲಿಲಿಯೊ 1609ರ ಚಳಿಗಾಲದಲ್ಲಿ ಚಂದ್ರನ ಬೆಟ್ಟಗಳನ್ನು ಕಂಡದ್ದು ಸುಮಾರು 20 ಪಟ್ಟು ಹಿಗ್ಗಿಸುವ ಕೊಳವೆಯಲ್ಲಿ. ಇಂದಿನ ಸಾಧಾರಣ 70 ಮಿ.ಮೀ. ಟೆಲಿಸ್ಕೋಪ್ ಅದಕ್ಕಿಂತ ಬಹಳ ಮೇಲು. ಹಣ ಇದ್ದವರು 114 ಅಥವಾ 130 ಮಿ.ಮೀ. ಕನ್ನಡಿಯದು ಕೊಳ್ಳಬಹುದು. ಅದಕ್ಕಿಂತ ಮುಖ್ಯ ಸ್ಟ್ಯಾಂಡ್. ತೆಳು ಅಲ್ಯುಮಿನಿಯಂ ಕಾಲುಗಳ ಸ್ಟ್ಯಾಂಡ್ ಮುಟ್ಟಿದರೆ ಸಾಕು, ಚಂದ್ರ ಕುಣಿಯುತ್ತಾನೆ. ಕಾಲುಗಳನ್ನು ಪೂರ್ತಿ ಎಳೆಯದೆ ಗಿಡ್ಡ ಮಾಡಿ, ನಡುವೆ ಮರಳು ತುಂಬಿದ ಚೀಲವೊಂದನ್ನು ತೂಗುಹಾಕಿ, ಸ್ಟೂಲ್ ಮೇಲೆ ಕೂತು ನೋಡಿದರೆ ಎಷ್ಟೋ ನಿಲ್ಲುತ್ತದೆ.

ಟ್ಯೂಬಿನ ಮೇಲಿರುವ ಪುಟ್ಟ ಫೈಂಡರನ್ನು ಹಗಲಿನಲ್ಲೇ ಹೊಂದಿಸಬೇಕು. ದೂರದ ನೀರಿನ ಟ್ಯಾಂಕೋ ಕಾರ್ಖಾನೆಯ ಚಿಮಣಿಯೋ ಟೆಲಿಸ್ಕೋಪಿನ ನಡುವೆ ಬಂದಾಗ ಫೈಂಡರಿನ ಗೀಟಿನ ಮೇಲೂ ಅದೇ ಬರುವಂತೆ ತಿರುಪು ತಿರುಗಿಸಿದರೆ ಮುಗಿಯಿತು. ಇದನ್ನು ಮಾಡುವಾಗ ಟ್ಯೂಬು ಅಪ್ಪಿತಪ್ಪಿಯೂ ಸೂರ್ಯನ ಕಡೆ ಹೊರಳಬಾರದು. ಒಂದು ಕ್ಷಣಕ್ಕೆ ಕಣ್ಣು ಹೋಗುತ್ತದೆ. ಮಕ್ಕಳ ಕೈಗೆ ಹಗಲಲ್ಲಿ ಟೆಲಿಸ್ಕೋಪ್ ಕೊಟ್ಟು ಒಳಗೆ ಹೋಗುವುದು ಖಂಡಿತ ಬೇಡ. ಚಂದ್ರನ ಬೆಳಕಿನಿಂದ ಕಣ್ಣಿಗೆ ಅಪಾಯವಿಲ್ಲ. ಕುಕ್ಕಿದಂತೆ ಆದರೆ ಹಿತ್ತಲ ದೀಪ ಹಾಕಿಕೊಂಡರೆ ಸಾಕು, ಇಲ್ಲವೇ ಟ್ಯೂಬಿನ ಮುಚ್ಚಳದಲ್ಲಿರುವ ಸಣ್ಣ ಕಿಂಡಿಯನ್ನಷ್ಟೇ ತೆರೆಯಬಹುದು.

ಹೊಸಬರನ್ನು ಗಲಿಬಿಲಿ ಮಾಡುವ ಸಂಗತಿ ಇನ್ನೆರಡಿವೆ. ಕನ್ನಡಿಯ ಟೆಲಿಸ್ಕೋಪಿನಲ್ಲಿ ಚಂದ್ರ ತಲೆಕೆಳಗಾಗಿ ಕಾಣುತ್ತಾನೆ. ಮಸೂರದ ಟೆಲಿಸ್ಕೋಪಿಗೆ ಮೊಣಕೈ ಕನ್ನಡಿ ಹಾಕಿದರೆ ಎಡ ಬಲ ಅದಲುಬದಲಾಗುತ್ತದೆ. ನಕ್ಷೆಯನ್ನು ಅದಕ್ಕೆ ತಕ್ಕಂತೆ ತಿರುಗಿಸಿಯೋ ಮೊಬೈಲಿನಲ್ಲಿ ಮಗುಚಿಯೋ ಹಿಡಿಯಬೇಕು. ಎರಡನೆಯದು, ಭೂಮಿ ತಿರುಗುವುದರಿಂದ 70 ಪಟ್ಟಿನಲ್ಲಿ ಯಾವ ಕುಳಿಯೂ ಮೂರು ನಿಮಿಷದೊಳಗೆ ನೋಟದಿಂದ ಜಾರಿಹೋಗುತ್ತದೆ. ಅದನ್ನು ಅಂಚಿನಲ್ಲಿ ಇಟ್ಟು ಕೈಬಿಟ್ಟರೆ ತಾನೇ ನಡುವೆ ಹಾದುಹೋಗುತ್ತದೆ. ಚಂದ್ರ ನೆತ್ತಿಯ ಮೇಲೇ ಇದ್ದಾಗ ಟ್ಯೂಬು ಸ್ಟ್ಯಾಂಡಿನ ಕಾಲಿಗೆ ತಾಗುತ್ತದೆ, ಕುತ್ತಿಗೆಯೂ ನೋಯುತ್ತದೆ. ಒಂದು ಗಂಟೆ ಮುಂಚೆ ಅಥವಾ ಆಮೇಲೆ ನೋಡುವುದು ಸುಖ.

ತಿಥಿಯಿಂದ ತಿಥಿಗೆ

ಬಿದಿಗೆಯ ಚಂದ್ರ ಬೇಗ ಮುಳುಗುತ್ತಾನೆ. ಅಂದು ಕುಳಿಗಳಿಗಿಂತ ನೋಡಬೇಕಾದದ್ದು ಕತ್ತಲ ಭಾಗ. ತೆಳು ಗೆರೆಯ ಒಳಗೆ ಉಳಿದ ಚಂದ್ರ ಮಂದವಾಗಿ ಹೊಳೆಯುತ್ತಿರುತ್ತಾನೆ. ಅದು ಭೂಮಿಯಿಂದ ಚಂದ್ರನಿಗೆ ಹೋಗಿ ತಿರುಗಿ ಬಂದ ಬಿಸಿಲು.

ತದಿಗೆಗೆ ಲಾಂಗ್ರೆನಸ್, ಪೆಟೇವಿಯಸ್ ಎಂಬ ದೊಡ್ಡ ಕುಳಿಗಳಲ್ಲಿ ಬೆಳಗಾಗುತ್ತದೆ. ಪೆಟೇವಿಯಸ್‌ನ ನಡುವಿನ ಬೆಟ್ಟದಿಂದ ಗೋಡೆಯವರೆಗೆ ಎಳೆದ ಗೀಟಿನಂಥ ಬಿರುಕೊಂದಿದೆ, ಸಣ್ಣ ಟೆಲಿಸ್ಕೋಪಿಗೂ ಸಿಗುತ್ತದೆ. ಚೌತಿಯಂದು ಮಾರೆ ಕ್ರಿಸಿಯಂ ಎಂಬ ಉರುಟು ಕಪ್ಪು ಬಯಲು ಪೂರ್ತಿ ತೆರೆದುಕೊಳ್ಳುತ್ತದೆ. ಭಾದ್ರಪದದ ಗಣೇಶ ಚೌತಿಯಂದು ಚಂದ್ರನನ್ನು ನೋಡದ ಪದ್ಧತಿ ಇರುವ ಮನೆಯವರಿಗೆ ವರ್ಷದಲ್ಲಿ ಇನ್ನೂ ಹನ್ನೊಂದು ಶುಕ್ಲ ಚೌತಿಗಳಿವೆ. ಭಾದ್ರಪದದಲ್ಲಿ ಹೇಗೂ ಮೋಡ.

ಈ ಕಪ್ಪು ಬಯಲುಗಳ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಹಳೆಯ ಖಗೋಳಜ್ಞರು ಇವನ್ನು ಸಮುದ್ರ ಎಂದು ಹೆಸರಿಸಿದರು. ಅಪೋಲೊ ಯಾತ್ರಿಗಳು ತಂದ ಕಲ್ಲುಗಳಿಂದ ತಿಳಿದದ್ದೇನೆಂದರೆ ಇವು ಹೆಪ್ಪುಗಟ್ಟಿದ ಲಾವಾ, ಅಂದರೆ ಬಸಾಲ್ಟ್. ಬಹುಪಾಲು 300 ಕೋಟಿ ವರ್ಷಕ್ಕೂ ಹಿಂದೆ ಉಕ್ಕಿದ್ದು. ಕಲಬುರಗಿ ಜಿಲ್ಲೆಯ ಎರೆ ಹೊಲಗಳ ಕರಿ ಮಣ್ಣಿಗೆ ತಾಯಿಕಲ್ಲೂ ಬಸಾಲ್ಟೇ, ಸುಮಾರು 6.6 ಕೋಟಿ ವರ್ಷದ ಹಿಂದೆ ದಖನ್ನಿನ ಮೇಲೆ ಹರಿದ ಲಾವಾ ಸವೆದು ಆದ ಮಣ್ಣದು. ಇಲ್ಲಿ ಮಳೆ, ಗಾಳಿ ಸೇರಿ ಕಲ್ಲನ್ನು ತೊಗರಿ ಬೆಳೆಯುವ ನೆಲ ಮಾಡಿದವು. ಚಂದ್ರನ ಮೇಲೆ ಮಳೆಯೂ ಇಲ್ಲ, ಗಾಳಿಯೂ ಇಲ್ಲ. ಲಾವಾ ಹರಿದು ನಿಂತಾಗ ಎದ್ದ ಮಡಿಕೆಗಳು ಇಂದಿಗೂ ಹಾಗೇ ಇವೆ. ಚೌತಿ, ಪಂಚಮಿಗಳಂದು ಗಡಿಯ ಪಕ್ಕದ ಕಪ್ಪು ಬಯಲಿನ ಮೇಲೆ ಈ ಮಡಿಕೆಗಳನ್ನು ಹುಡುಕಬೇಕು. ಬಸಾಲ್ಟ್ ನೆಲಕ್ಕೆ ಆಕಾಶದಿಂದ ಕಲ್ಲು ಬಡಿದರೆ ಏನಾಗುತ್ತದೆ ಎಂಬುದಕ್ಕೆ ಭೂಮಿಯ ಮೇಲಿನ ಉದಾಹರಣೆಯೂ ನೆರೆರಾಜ್ಯದಲ್ಲೇ ಇದೆ: ಮಹಾರಾಷ್ಟ್ರದ ಲೋನಾರ್, ಸುಮಾರು 1.8 ಕಿಲೋಮೀಟರ್ ಅಗಲದ ಕುಳಿ. ಚಂದ್ರನ ಕುಳಿಗಳನ್ನು ಅಭ್ಯಾಸ ಮಾಡುವವರು ಅಲ್ಲಿಗೆ ಬರುತ್ತಾರೆ.

ಷಷ್ಠಿಯ ಸಂಜೆಯ ಪಾಠ ಬಹಳ ಚೆನ್ನ. ಥಿಯೋಫಿಲಸ್, ಸಿರಿಲಸ್, ಕ್ಯಾಥರೀನಾ ಎಂಬ ಮೂರು ದೊಡ್ಡ ಕುಳಿಗಳು ಅಂದು ಒಂದರ ಕೆಳಗೊಂದು ನಿಂತಿರುತ್ತವೆ. ನೂರು ಕಿಲೋಮೀಟರ್ ಅಗಲದ ಥಿಯೋಫಿಲಸ್‌ನ ಗೋಡೆ ಪೂರ್ತಿಯಾಗಿದೆ, ಸಿರಿಲಸ್‌ನ ಗೋಡೆಯನ್ನು ಅದು ಒಡೆದು ನುಗ್ಗಿದೆ. ಹಾಗಾದರೆ ಯಾವುದು ಮೊದಲು, ಯಾವುದು ಆಮೇಲೆ? ಮಕ್ಕಳು ಯಾರ ಸಹಾಯವೂ ಇಲ್ಲದೆ ಉತ್ತರ ಹೇಳುತ್ತಾರೆ. ಭೂವಿಜ್ಞಾನಿಗಳು ಚಂದ್ರನ ಇತಿಹಾಸವನ್ನು ಓದಲು ತೊಡಗಿದ್ದೂ ಇದೇ ತರ್ಕದಿಂದ.

ಮರುದಿನ ಸಪ್ತಮಿಯ ಸಂಜೆ ಉತ್ತರಕ್ಕೆ ಮಾರೆ ಸೆರೆನಿಟಾಟಿಸ್ ಎಂಬ ಬಯಲಿನಲ್ಲಿ 16 ಕಿಲೋಮೀಟರಿನ ಬೆಸೆಲ್ ಕುಳಿ ಒಂಟಿಯಾಗಿ ಕೂತಿರುತ್ತದೆ. ಅದರ ಹತ್ತಿರ ಇನ್ನೊಂದು ಚುಕ್ಕೆ, ಸುಮಾರು 8 ಕಿಲೋಮೀಟರಿನದು: ಅದಕ್ಕೆ ವಿಕ್ರಂ ಸಾರಾಭಾಯಿಯವರ ಹೆಸರಿದೆ. 70 ಮಿ.ಮೀ. ಟೆಲಿಸ್ಕೋಪಿಗೆ ಇದು ಕಠಿಣ ಪರೀಕ್ಷೆ, 114ರದಕ್ಕೆ ಸುಲಭ.

ವಿಕ್ರಂ ಎಂಬ ಹೆಸರು ಬಂದಾಗ ಚಂದ್ರಯಾನದ ಮಾತು ಬರಲೇಬೇಕು. ಚಂದ್ರಯಾನ-3ರ ವಿಕ್ರಂ ಲ್ಯಾಂಡರ್ ಇಳಿದದ್ದು 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ, ಅಂದರೆ ನಾಗರ ಪಂಚಮಿಯ ಎರಡು ದಿನದ ಮೇಲೆ. ತಿಥಿಯ ಲೆಕ್ಕ ಹಿಡಿದವರಿಗೆ ಆ ದಿನದ ಕಾರಣ ತಾನೇ ಹೊಳೆಯುತ್ತದೆ. ಇಳಿದ ಜಾಗ, ಈಗಿನ ಶಿವಶಕ್ತಿ ತಾಣ, ಚಂದ್ರನ 32 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಅಲ್ಲಿ ಬೆಳಗಾಗುವುದು ಪಂಚಮಿಯ ಸುಮಾರಿಗೆ. ಬಿಸಿಲಿನಿಂದ ವಿದ್ಯುತ್ ಪಡೆಯುವ ಯಂತ್ರಕ್ಕೆ ಅಲ್ಲಿನ ಹಗಲೆಲ್ಲ, ಅಂದರೆ ಭೂಮಿಯ ಹದಿನಾಲ್ಕು ದಿನ ದಕ್ಕಬೇಕಾದರೆ ಬೆಳಗಿನಲ್ಲೇ ಇಳಿಯಬೇಕು. ತಾಣ 69 ಡಿಗ್ರಿ ದಕ್ಷಿಣದಲ್ಲಿರುವುದರಿಂದ ಹಿತ್ತಲಿನಿಂದ ನೋಡುವಾಗ ಚಂದ್ರನ ಕೆಳ ಅಂಚಿನಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ಸುಮಾರು 98 ಕಿಲೋಮೀಟರಿನ ಮಾಂಜಿನಸ್ ಕುಳಿಯನ್ನು ನಕ್ಷೆಯಲ್ಲಿ ಗುರುತು ಮಾಡಿಕೊಂಡು ಷಷ್ಠಿ, ಸಪ್ತಮಿಗಳಂದು ಹುಡುಕಿದರೆ ತಾಣದ ನೆರೆ ಸಿಕ್ಕಂತೆ. ಎರಡು ಮೀಟರಿನ ಲ್ಯಾಂಡರ್ ಭೂಮಿಯ ಯಾವ ಟೆಲಿಸ್ಕೋಪಿಗೂ ಕಾಣುವುದಿಲ್ಲ. ಅಮೆರಿಕದವರು ನೆಟ್ಟ ಬಾವುಟವೂ ಅಷ್ಟೇ.

ಒಂದೇ ಒಂದು ಸಂಜೆ ಬಿಡುವಿದೆ ಎನ್ನುವವರು ಅಷ್ಟಮಿಯನ್ನು ಆರಿಸಿಕೊಳ್ಳಬೇಕು. ಗಡಿ ಚಂದ್ರನ ಸರಿಯಾದ ನಡುವೆ ಇರುತ್ತದೆ, ಎಲ್ಲವೂ ನೇರ ಎದುರಿಗೆ. ಮೇಲ್ಭಾಗದಲ್ಲಿ ಅಪೆನೈನ್ ಪರ್ವತಸಾಲು ಬಿಲ್ಲಿನಾಕಾರದಲ್ಲಿ ಬಾಗಿ, ಕೆಲವೆಡೆ ಐದು ಕಿಲೋಮೀಟರ್ ಎತ್ತರಕ್ಕೆ ಏರಿದೆ. ಅದರ ಬುಡದಲ್ಲೇ 1971ರ ಜುಲೈನಲ್ಲಿ ಅಪೋಲೊ 15 ಇಳಿಯಿತು. ಕೆಳಕ್ಕೆ ಟಾಲೆಮಿ, ಅಲ್ಫಾನ್ಸಸ್, ಅರ್ಜಾಚೆಲ್ ಕುಳಿಗಳ ಸಾಲು.

ಅರ್ಜಾಚೆಲ್‌ನಂಥ ಒಂದು ಕುಳಿಯನ್ನು 70 ಪಟ್ಟಿನಲ್ಲಿ ಹಿಡಿದು ಒಂದು ಗಂಟೆ ಬಿಡದೆ ನೋಡಿದರೆ ಸಿಗುವುದು ಬೇರೆಯೇ ಅನುಭವ. ಮೊದಲು ಕುಳಿಯ ಒಳಗೆಲ್ಲ ಮಸಿಗಪ್ಪು, ಪಶ್ಚಿಮದ ಗೋಡೆಯ ನೆತ್ತಿ ಮಾತ್ರ ಬೆಳ್ಳಗೆ. ಆಮೇಲೆ ಆ ಕಪ್ಪಿನ ನಡುವೆ ಸೂಜಿಮೊನೆಯಷ್ಟು ಬೆಳಕು. ಕಣ್ಣಿನ ಭ್ರಮೆಯೇನೋ ಎಂದು ಅನುಮಾನ ಬರುತ್ತದೆ. ಹತ್ತಿಪ್ಪತ್ತು ನಿಮಿಷಕ್ಕೆ ಅದು ಖಚಿತವಾದ ಚುಕ್ಕೆ: ಕುಳಿಯ ನಡುವಿನ ಬೆಟ್ಟದ ತುದಿಗೆ ಸೂರ್ಯನ ಮೊದಲ ಕಿರಣ ತಾಗಿದೆ. ಚಂದ್ರನ ಸಮಭಾಜಕದಲ್ಲಿ ಸೂರ್ಯೋದಯ ಮುಂದೆ ಸಾಗುವ ವೇಗ ಗಂಟೆಗೆ 15 ಕಿಲೋಮೀಟರ್, ಶಾಲೆಯ ಹುಡುಗ ಸೈಕಲ್ ತುಳಿಯುವಷ್ಟು. ಹಾಗಾಗಿಯೇ ಅದು ಕಣ್ಣೆದುರೇ ನಡೆಯುವುದನ್ನು ನೋಡಲು ಸಾಧ್ಯ.

ನವಮಿಗೆ ಪ್ಲೇಟೊ ಎಂಬ ನಯವಾದ ಕಪ್ಪು ತಳದ ಕುಳಿ, ದಕ್ಷಿಣದಲ್ಲಿ ಟೈಕೊ, 225 ಕಿಲೋಮೀಟರಿನ ಕ್ಲಾವಿಯಸ್. ಕ್ಲಾವಿಯಸ್‌ನೊಳಗೆ ಬಿಲ್ಲಿನಂತೆ ಬಾಗಿದ ಸಣ್ಣ ಕುಳಿಗಳ ಸಾಲು ಎಣಿಸುವುದು ಮಕ್ಕಳಿಗೆ ಒಳ್ಳೆಯ ಪಂದ್ಯ. ಅಂದೇ ಕಾಣುವ ‘ನೇರ ಗೋಡೆ’ ಸುಮಾರು 110 ಕಿಲೋಮೀಟರ್ ಉದ್ದದ ಕರಿ ಗೀಟು; ನೆಲ ಕುಸಿದು ಆದ ಮೆಟ್ಟಿಲು ಅದು, ಎತ್ತರ ಕೆಲವು ನೂರು ಮೀಟರ್ ಅಷ್ಟೇ.

ದಶಮಿಯದು ಕೋಪರ್ನಿಕಸ್. 93 ಕಿಲೋಮೀಟರ್ ಅಗಲ, 3.8 ಕಿಲೋಮೀಟರ್ ಆಳ, ಒಳಗೋಡೆಗೆ ಮೆಟ್ಟಿಲು ಮೆಟ್ಟಿಲಾಗಿ ಕುಸಿದ ನೆಲ, ನಡುವೆ ಬೆಟ್ಟಗಳ ಗುಂಪು. ಸುಲೇಪೇಟ, ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಈ ಆರೂ ಊರುಗಳು ತಮ್ಮ ಹೊಲಗದ್ದೆ, ಗಣಿ, ಕಾರ್ಖಾನೆಗಳ ಸಮೇತ ಈ ಒಂದು ಕುಳಿಯೊಳಗೆ ಹಿಡಿಸುತ್ತವೆ. ಶಹಾಬಾದದಿಂದ ಚಿಂಚೋಳಿಗೆ ನೇರ ಅಳೆದರೆ 65 ಕಿಲೋಮೀಟರಿನೊಳಗೇ. ಇಷ್ಟು ದೊಡ್ಡದು ಟೆಲಿಸ್ಕೋಪಿನಲ್ಲಿ ಚಿಕ್ಕ ಉಂಗುರವಾಗಿ ಕಾಣುವಾಗ 3,84,400 ಕಿಲೋಮೀಟರ್ ಎಂಬ ದೂರದ ಅರ್ಥ ಆಗತೊಡಗುತ್ತದೆ. ನೆರಳು ನೋಡಿದರೆ ಕುಳಿ ಪಾತಾಳದಷ್ಟು ಆಳ ಅನ್ನಿಸುತ್ತದೆ. ಆಳಕ್ಕೂ ಅಗಲಕ್ಕೂ ಲೆಕ್ಕ ಹಾಕಿದರೆ ತಿಳಿಯುತ್ತದೆ, ಅದು ನಿಜಕ್ಕೂ ಬಹಳ ಮಟ್ಟಸವಾದ ಹಳ್ಳ.

ಏಕಾದಶಿಗೆ ಸೈನಸ್ ಇರಿಡಂ ಎಂಬ ಅರ್ಧವೃತ್ತದ ಕೊಲ್ಲಿ. ಕೊಲ್ಲಿಯ ತಳ ಇನ್ನೂ ಕತ್ತಲಲ್ಲಿದ್ದು ಸುತ್ತಲ ಜುರಾ ಬೆಟ್ಟಗಳಿಗಷ್ಟೇ ಬಿಸಿಲು ಬಿದ್ದ ಹೊತ್ತು ಸಿಕ್ಕರೆ ಬೆಳಕಿನ ಕಮಾನೊಂದು ಕತ್ತಲಿಗೆ ಚಾಚಿ ನಿಂತಿರುತ್ತದೆ. ದ್ವಾದಶಿಗೆ ಚಂದ್ರನ ಮೇಲಿನ ಅತಿ ಬೆಳ್ಳಗಿನ ಜಾಗಗಳಲ್ಲೊಂದಾದ ಅರಿಸ್ಟಾರ್ಕಸ್, ಅಲ್ಲಿಂದಾಚೆ ಸಿ.ವಿ. ರಾಮನ್ ಹೆಸರಿನ ಸಣ್ಣ ಕುಳಿ. ಹುಣ್ಣಿಮೆಗೆ ಉಳಿಯುವುದು ಟೈಕೊದಿಂದ ಎಲ್ಲ ದಿಕ್ಕಿಗೂ ಚಿಮ್ಮಿದ ಬಿಳಿ ಪಟ್ಟೆಗಳು. ಅವನ್ನು ನೋಡಲು ಹುಣ್ಣಿಮೆಯೇ ಸರಿ.

ಸುಣ್ಣದ ಕಡ್ಡಿ ಮತ್ತು ಮೊಬೈಲ್

ಐಪೀಸಿಗೆ ಮೊಬೈಲ್ ಹಿಡಿದು ಫೋಟೊ ತೆಗೆಯುವುದು ಈಗ ಸುಲಭ. ಪರದೆಯ ಮೇಲೆ ಚಂದ್ರನನ್ನು ಒತ್ತಿ ಹಿಡಿದು ಬೆಳಕಿನ ಗೀಟನ್ನು ಕೆಳಕ್ಕೆ ಎಳೆಯಬೇಕು, ಇಲ್ಲವಾದರೆ ಎಲ್ಲ ಬೆಳ್ಳಗೆ ಬಳಿದಂತಾಗುತ್ತದೆ. ಎರಡು ಮೂರು ಸೆಕೆಂಡಿನ ಟೈಮರ್ ಇಟ್ಟರೆ ಬೆರಳು ತಾಗಿದ ನಡುಕ ಫೋಟೊಕ್ಕೆ ಬರುವುದಿಲ್ಲ. ಮೊಬೈಲ್ ಹಿಡಿಯುವ ಕ್ಲಿಪ್ಪುಗಳೂ ಸಿಗುತ್ತವೆ.

ಆದರೆ ಕಣ್ಣು ಪಳಗುವುದು ಚಿತ್ರ ಬರೆದಾಗ. ಇದಕ್ಕೆ ಕರಿ ಪಾಟಿ, ಸುಣ್ಣದ ಕಡ್ಡಿಗಿಂತ ಒಳ್ಳೆಯ ಸಾಧನವಿಲ್ಲ. ಕಪ್ಪು ಹಿನ್ನೆಲೆ ಆಗಲೇ ಇದೆ, ಬೆಳಕು ಬಿದ್ದದ್ದನ್ನಷ್ಟೇ ಬರೆದರಾಯಿತು. ಪಾಟಿ ಇಲ್ಲದಿದ್ದರೆ ಅಂಗಳದ ಫರಸಿ ಕಲ್ಲೇ ಆಗುತ್ತದೆ. ಇಡೀ ಚಂದ್ರನನ್ನು ಬರೆಯಲು ಹೋಗದೆ ಒಂದೇ ಕುಳಿ ಆರಿಸಿ, ಕೆಳಗೆ ತಾರೀಖು, ತಿಥಿ, ಹೊತ್ತು, ಯಾವ ಐಪೀಸ್ ಎಂದು ಗುರುತಿಸಿ ಫೋಟೊ ತೆಗೆದಿಟ್ಟುಕೊಂಡರೆ ಮುಂದಿನ ತಿಂಗಳು ಅದೇ ತಿಥಿಯಲ್ಲಿ ಹೋಲಿಸಿ ನೋಡಬಹುದು.

ಬೆಳೆಯುವ ಚಂದ್ರನ ಕತ್ತಲ ಅಂಚು ಒಮ್ಮೊಮ್ಮೆ ನಕ್ಷತ್ರವನ್ನು ಮರೆಮಾಡುತ್ತದೆ. ನಕ್ಷತ್ರ ಮಂಕಾಗಿ ಅಳಿಯುವುದಿಲ್ಲ, ಚಕ್ಕನೆ ಇಲ್ಲವಾಗುತ್ತದೆ, ಚಂದ್ರನಿಗೆ ಗಾಳಿಯ ಹೊದಿಕೆ ಇಲ್ಲದ ಕಾರಣ. 2029ರವರೆಗೆ ಚಂದ್ರನ ದಾರಿ ಕೃತ್ತಿಕೆಯ ಗುಂಪಿನ ಮೇಲೇ ಹಾದಿದೆ. ಕೆಲವು ತಿಂಗಳು ಆ ನಕ್ಷತ್ರಗಳು ಮರೆಯಾಗುವುದು ಇಲ್ಲಿಂದಲೂ ಕಾಣುತ್ತದೆ. ಗ್ರಹಣಕ್ಕೆ ಕಾಯುವವರು 2028ರ ಡಿಸೆಂಬರ್ 31ನ್ನು ಬರೆದಿಟ್ಟುಕೊಳ್ಳಬಹುದು. ಅಂದು ರಾತ್ರಿ ಹತ್ತೂ ಕಾಲಿನ ಹೊತ್ತಿಗೆ ಚಂದ್ರ ಪೂರ್ತಿ ಭೂಮಿಯ ನೆರಳಲ್ಲಿರುತ್ತಾನೆ, ಆಕಾಶದಲ್ಲಿ ಬಹಳ ಎತ್ತರದಲ್ಲಿ.

ಕೊಳ್ಳುವ ಮುಂಚೆ ಒಮ್ಮೆ ಬೇರೆ ಟೆಲಿಸ್ಕೋಪಿನಲ್ಲಿ ನೋಡುವುದು, ತಿಳಿದವರನ್ನು ಕೇಳುವುದು ಒಳ್ಳೆಯದು. ಕಲಬುರಗಿಯಲ್ಲಿ ವಿಜ್ಞಾನ ಕೇಂದ್ರವಿದೆ, ಹೈದರಾಬಾದಿನಲ್ಲಿ ಬಿರ್ಲಾ ತಾರಾಲಯವಿದೆ. ಹೈದರಾಬಾದಿನ ಜೊತೆ ಈ ಸೀಮೆಗಿರುವ ನಂಟಿನಲ್ಲಿ ಟೆಲಿಸ್ಕೋಪೂ ಸೇರಿದೆ. ಕಲಬುರಗಿ ನಿಜಾಮರ ರಾಜ್ಯದಲ್ಲಿದ್ದ ಕಾಲಕ್ಕೆ, 1901ರಲ್ಲಿ, ನವಾಬ್ ಜಾಫರ್ ಜಂಗ್ ಎಂಬ ಸರದಾರ ಇಂಗ್ಲೆಂಡಿನಿಂದ 15 ಇಂಚಿನ ದೂರದರ್ಶಕ ತರಿಸಿ ತನ್ನ ಜಾಗದಲ್ಲೇ ವೀಕ್ಷಣಾಲಯ ಶುರು ಮಾಡಿದ. ಆಮೇಲೆ ಸರಕಾರ ವಹಿಸಿಕೊಂಡ ಆ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದ ಒಬ್ಬರ ಮಗನೇ ಖಗೋಳಜ್ಞ ವೇಣು ಬಪ್ಪು. ತಂದೆಯ ಕೆಲಸದ ಜಾಗದಲ್ಲಿ ಆಕಾಶ ನೋಡುತ್ತ ಬೆಳೆದ ಅವರು ಮುಂದೆ ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯ ಕಟ್ಟಿದರು. ಅದಕ್ಕೀಗ ಅವರದೇ ಹೆಸರು.

ಸಂಜೆ ಬಿಡುವಿಲ್ಲದವರಿಗೆ ಕೃಷ್ಣ ಪಕ್ಷವಿದೆ. ನಸುಕಿನಲ್ಲಿ ಹಾಲು ಕರೆಯಲು, ಹೊಲಕ್ಕೆ ನೀರು ಬಿಡಲು ಏಳುವವರಿಗೆ ಇದೇ ಹೆಚ್ಚು ಅನುಕೂಲ. ಫರಸಿ ಕಲ್ಲು ರಾತ್ರಿಯೆಲ್ಲ ತಣಿದಿರುತ್ತದೆ, ಬಿಂಬ ಸಂಜೆಗಿಂತ ನಿಶ್ಚಲ. ಹುಣ್ಣಿಮೆ ಕಳೆದ ಮೇಲೆ ಗಡಿಯಲ್ಲಿ ಸೂರ್ಯ ಮುಳುಗುತ್ತಿರುತ್ತಾನೆ, ಮತ್ತು ಲೆಕ್ಕ ಬದಲಾಗುವುದಿಲ್ಲ: ಶುಕ್ಲ ಪಕ್ಷದ ಯಾವ ತಿಥಿಗೆ ಒಂದು ಕುಳಿಯಲ್ಲಿ ಬೆಳಗಾಯಿತೋ ಕೃಷ್ಣ ಪಕ್ಷದ ಅದೇ ತಿಥಿಗೆ ಅಲ್ಲಿ ಸಂಜೆಯಾಗುತ್ತದೆ. ಥಿಯೋಫಿಲಸ್‌ಗೆ ಬಹುಳ ಷಷ್ಠಿ, ಅಪೆನೈನ್ ಸಾಲಿಗೆ ಬಹುಳ ಅಷ್ಟಮಿ, ಕೋಪರ್ನಿಕಸ್‌ಗೆ ಬಹುಳ ದಶಮಿ. ನೆರಳು ಮಾತ್ರ ಈಗ ಪೂರ್ವಕ್ಕೆ ಬೀಳುತ್ತದೆ. ಮೊದಲು ಕಾಣದಿದ್ದ ಇಳಿಜಾರುಗಳು ಕಾಣುತ್ತವೆ. ಬೆಳಗಿನ ಜಾವಕ್ಕೆ ಸಂಜೆಯ ಹಾಗೆ ತಿಥಿ ತಿದ್ದಿಕೊಳ್ಳುವ ಕೆಲಸವೂ ಇಲ್ಲ, ಕ್ಯಾಲೆಂಡರಿನ ಅಂದಿನ ಮನೆಯಲ್ಲಿ ಅಚ್ಚಾಗಿರುವುದು ಆ ಹೊತ್ತಿನದೇ. ದಸರೆಯಿಂದಾಚೆ ಮಳೆ ನಿಂತು ಆಕಾಶ ತೊಳೆದಂತಿರುವ ತಿಂಗಳುಗಳಲ್ಲಿ ಬಹುಳ ಅಷ್ಟಮಿಯ ಚಂದ್ರ ನಸುಕಿಗೆ ನೆತ್ತಿಯ ಹತ್ತಿರ ಇರುತ್ತಾನೆ. ಇಬ್ಬನಿ ಬೀಳುವ ಕಾಲವಾದ್ದರಿಂದ ಮಸೂರದ ಮುಂದೆ ಒಂದು ಗೇಣು ಉದ್ದದ ರಟ್ಟಿನ ಕೊಳವೆ ಸುತ್ತಿಕೊಳ್ಳಬೇಕು. ಮಸೂರ ಮಂಜು ಹಿಡಿದರೆ ಬಟ್ಟೆಯಿಂದ ಉಜ್ಜದೆ ತಾನೇ ಒಣಗಲು ಬಿಡಬೇಕು.